ಕವಿತೆಗೆ ಮಾತ್ರ ಜಾಗ ಸಾಲಲಿಲ್ಲ

ವಿಜಯಪುರದ ಒಂದು ಕಾಲೇಜಿನ ವಾರ್ಷಿಕ ಸಂಚಿಕೆ ಕೈಗೆ ಬಂದಿದೆ. ತೂಕಕ್ಕೇನೂ ಕೊರತೆ ಇಲ್ಲ. ಮುಖಪುಟದಲ್ಲಿ ಗೋಳಗುಮ್ಮಟ, ಗುಮ್ಮಟದ ಮೇಲೆ ಸೂರ್ಯ, ಸೂರ್ಯನೊಳಗೆ ಸಂಸ್ಥೆಯ ಅಧ್ಯಕ್ಷರು. ಕೆಳಗೆ ‘ವಿದ್ಯಾರ್ಥಿಗಳ ಸಾಹಿತ್ಯ ಸಂಚಿಕೆ’ ಎಂದಿದೆ. ನಂಬಿ ಪುಟ ತಿರುವಿದೆ.

ಮೊದಲು ಸಂದೇಶಗಳು. ಸ್ವಾಮೀಜಿ, ಸಚಿವರು, ಸಂಸದರು, ಶಾಸಕರು, ಕುಲಪತಿ, ಅಧ್ಯಕ್ಷರು, ಪ್ರಾಚಾರ್ಯರು. ‘ವಿದ್ಯಾರ್ಥಿಗಳ ಸುಪ್ತ ಪ್ರತಿಭೆಗೆ ಈ ಸಂಚಿಕೆ ವೇದಿಕೆಯಾಗಲಿ’ ಎಂಬ ಸಾಲು ಏಳೂ ಜನರಲ್ಲಿ ಇದೆ. ಗುಮ್ಮಟದೊಳಗೆ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರಲ್ವಾ, ಹಾಗೆ. ಅಲ್ಲಿ ದನಿ ಬರಬರುತ್ತಾ ಸಣ್ಣದಾಗುತ್ತದೆ. ಇಲ್ಲಿ ಸ್ಥಾನ ಇಳಿದಂತೆ ಫೋಟೊ ಸಣ್ಣದಾಗಿದೆ.

ಆಮೇಲೆ ನುಣುಪಾದ ಕಾಗದದ ಮೇಲೆ ಬಣ್ಣದ ಫೋಟೊಗಳು. ಜಿಮಖಾನಾ, ಎನ್‌ಎಸ್‌ಎಸ್, ಎನ್‌ಸಿಸಿ, ಬೋಧಕರು, ಬೋಧಕೇತರರು. ‘ಕುಳಿತವರು, ಎಡದಿಂದ ಬಲಕ್ಕೆ’ ಎಂಬಲ್ಲಿ ಮಾತ್ರ ಒಂದೂ ಅಕ್ಷರ ತಪ್ಪಿಲ್ಲ. ಇಡೀ ಪುಸ್ತಕದಲ್ಲಿ ಸಂಪಾದಕ ಮಂಡಳಿ ಎರಡು ಸಲ ಓದಿದ್ದು ಅದೊಂದೇ ಭಾಗ. ಯಾರದಾದರೂ ಹೆಸರಿನ ಹಿಂದಿನ ‘ಡಾ.’ ಬಿದ್ದುಹೋದರೆ ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಚಹಾ ಇಳಿಯುವುದಿಲ್ಲ.

ವಿದ್ಯಾರ್ಥಿಗಳು ಎಲ್ಲಿ? ಇದ್ದಾರೆ. ಕಾಗದ ತೆಳುವಾಗಿ, ಅಕ್ಷರ ಸಣ್ಣದಾಗಿ, ಬಣ್ಣ ಹೋಗಿ ಕಪ್ಪು-ಬಿಳುಪು ಆದಾಗ ವಿದ್ಯಾರ್ಥಿಗಳು ಶುರುವಾದರು ಎಂದು ತಿಳಿಯಬೇಕು. ತಾಯಿಯ ಮೇಲೆ ಕವಿತೆಗಳಿವೆ, ಎಲ್ಲವೂ ವಾಟ್ಸಾಪಿನಿಂದ ಬಂದವು. ‘ನಿಮಗಿದು ಗೊತ್ತೇ?’ ಇದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳು ದಿಕ್ಕಾಪಾಲಾಗಿ ಒಂದು ಕವಿತೆ ಪೂರ್ತಿ ಕಲಸಿಹೋಗಿದೆ. ವಿಮರ್ಶಕರೊಬ್ಬರು ಅದನ್ನೇ ‘ಭಾಷೆಯನ್ನು ಒಡೆದು ಕಟ್ಟುವ ಪ್ರಯೋಗ’ ಎಂದು ಹೊಗಳಿದ್ದಾರೆ.

ಇದಕ್ಕೆಲ್ಲ ದುಡ್ಡು ಯಾರದು ಅಂತೀರಿ? ಹುಡುಗರದೇ. ಪ್ರತಿ ವರ್ಷ ಅಡ್ಮಿಷನ್ ಫೀ ಜೊತೆ ಸಂಚಿಕೆಯ ಫೀ ಕಟ್ಟುತ್ತಾರೆ. ಸಂಚಿಕೆ ಮಾತ್ರ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸುದ್ದಿ ಬಂದಾಗ ಹೊರಡುತ್ತದೆ, ಮೂರು ವರ್ಷದ್ದು ಒಟ್ಟಿಗೆ. ಅಷ್ಟರಲ್ಲಿ ಮೊದಲ ವರ್ಷದಲ್ಲಿ ಪ್ರೇಮಕವಿತೆ ಕೊಟ್ಟವನಿಗೆ ಮದುವೆಯಾಗಿ, ಅದೇ ಕವಿತೆ ಮನೆಯಲ್ಲಿ ಜಗಳಕ್ಕೆ ಕಾರಣವಾಗುತ್ತದೆ.

ಇದೇ ಊರಿನಲ್ಲಿ ಫ. ಗು. ಹಳಕಟ್ಟಿ ಎಂಬ ವಕೀಲರಿದ್ದರು. ವಚನಗಳ ತಾಡೋಲೆಗಾಗಿ ಊರೂರು ಅಲೆದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಸದ್ಯ, ಸಂದೇಶ ತರಲು ಅವರನ್ನು ಯಾರೂ ಗಣ್ಯರು ತಂಗುವ ಐಬಿ ಬಾಗಿಲಲ್ಲಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಬಸವಣ್ಣನವರ ವಚನಗಳು ಇವತ್ತಿಗೂ ಯಾವುದೋ ಅಟ್ಟದ ಮೇಲೆ ಶಾಸಕರ ಫೋಟೊಗಾಗಿ ಕಾಯುತ್ತಿದ್ದವು.

ಬರೆಯುವವರು ಇಲ್ಲ ಅಂತಲ್ಲ. ಸಂಜೆ ಊರಿನ ಹಳೆಯ ಸ್ಮಾರಕ ಬಾರಾಕಮಾನಿನ ಹುಲ್ಲಿನ ಮೇಲೆ ನೋಡಿ. ಇಂಡಿ, ಸಿಂದಗಿ, ತಾಳಿಕೋಟಿ ಕಡೆಯಿಂದ ಬಸ್ ಪಾಸಿನ ಮೇಲೆ ಬರುವ ಹುಡುಗ ಹುಡುಗಿಯರು ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಕವಿತೆ ಓದುತ್ತಿರುತ್ತಾರೆ. ಒಬ್ಬರು ಓದಿದರೆ ಇನ್ನೊಬ್ಬರು ಸಾಲು ಹೊಡೆದುಹಾಕುತ್ತಾರೆ. ಜಗಳ ಆಗುತ್ತದೆ. ಬಸ್ ತಪ್ಪುತ್ತದೆ. ಅವರಲ್ಲೊಬ್ಬ ಅಪ್ಪ-ಅವ್ವ ಕಬ್ಬು ಕಡಿಯಲು ಗುಳೆ ಹೋದ ಮೇಲೆ ಬೀಗ ಬಿದ್ದ ಮನೆಯ ಬಗ್ಗೆ ಬರೆದಿದ್ದ. ಮಂಡಳಿ ಓದಿ, ‘ಸ್ವಲ್ಪ ಪಾಸಿಟಿವ್ ಇರಲಿ, ನ್ಯಾಕ್‌ನವರು ನೋಡ್ತಾರೆ’ ಎಂದು ವಾಪಸ್ ಕೊಟ್ಟಿತು.

ಅದೇ ಗುಂಪಿನ ಬಿಎ ಹುಡುಗಿಯದು ಇನ್ನೊಂದು ಕಥೆ. ಅವಳ ಕವಿತೆ ಸಂಚಿಕೆಯಲ್ಲಿ ಬರಲಿಲ್ಲ. ಮಂಡಳಿಯ ಸರ್ ಹತ್ತಿರ ಕೇಳಲು ಹೋದಳು.

‘ಸರ, ನನ್ನ ಕವಿತಾ ಎಲ್ಲಿ ಹೋತ್ರಿ?’

‘ಏನ್ ಮಾಡೂದವಾ ತಂಗಿ, ಜಾಗಾ ಸಾಲಲಿಲ್ಲ. ಸಂದೇಶ ಜಾಸ್ತಿ ಆದ್ವು.’

ಆ ಸಂದೇಶಗಳನ್ನು ಬರೆದವಳೂ ಅವಳೇ! ಗಣ್ಯರಿಗೆ ಬರೆಯಲು ಪುರುಸೊತ್ತಿಲ್ಲ, ‘ನೀವೇ ಬರ್ಕೊಂಡು ಬರ್ರಿ, ಸಹಿ ಹಾಕ್ತೀವಿ’ ಎಂದಿದ್ದರು. ಸರ್ ಅವಳನ್ನು ಕರೆದು ಏಳು ಹಾಳೆ ಕೊಟ್ಟರು. ‘ಸುಪ್ತ ಪ್ರತಿಭೆ’ಯ ಸಾಲು ಕಡ್ಡಾಯ, ಉಳಿದದ್ದು ನಿನಗೆ ಬಿಟ್ಟಿದ್ದು ಎಂದರು. ಅವಳು ಅಲ್ಲೇ ಸೇಡು ತೀರಿಸಿಕೊಂಡಿದ್ದಾಳೆ. ಸ್ವಾಮೀಜಿಗೆ ವಚನದ ಲಯ. ಸಂಸದರಿಗೆ ಎಳ್ಳಮಾವಾಸ್ಯೆಯ ಹೊಲದ ವರ್ಣನೆ. ಊರಲ್ಲಿ ಮೂರು ಪೆಟ್ರೋಲ್ ಬಂಕ್ ಇರುವ ಅಧ್ಯಕ್ಷರ ಸಂದೇಶದಲ್ಲಿ ಆಸೆಯನ್ನು ಬಿಟ್ಟವನ ಹಗುರದ ಬಗ್ಗೆ ಎಂಥ ಮಾತಿದೆ ಅಂತೀರಿ! ಈ ಸಂಚಿಕೆಯಲ್ಲಿ ಸಾಹಿತ್ಯ ಎನ್ನುವುದು ಇದ್ದರೆ ಅದು ಫೋಟೊಗಳ ಕೆಳಗೇ ಇದೆ. ನಾನಂತೂ ಎರಡು ಸಲ ಓದಿದೆ.

ಗ್ಯಾದರಿಂಗ್ ದಿನ, ಅಂದರೆ ವಾರ್ಷಿಕೋತ್ಸವದಲ್ಲಿ, ರಿಬ್ಬನ್ ಬಿಚ್ಚಿ ಸಂಚಿಕೆ ಬಿಡುಗಡೆಯಾಯಿತು. ಶಾಸಕರ ಸಂದೇಶವನ್ನು ಮೈಕಿನಲ್ಲಿ ಓದಿದರು. ಜನ ಚಪ್ಪಾಳೆ ಹೊಡೆದರು. ಶಾಸಕರಿಗೂ ಅದು ಮೊದಲ ಓದು. ಕೊನೆಯ ಸಾಲಿಗೆ ಅವರ ಕಣ್ಣೇ ಒದ್ದೆಯಾಯಿತು. ಪಕ್ಕದಲ್ಲಿದ್ದ ಪ್ರಾಚಾರ್ಯರಿಗೆ, ‘ನಾ ಇಷ್ಟ್ ಚಂದ ಬರೀತೀನಿ ಅಂತ ಗೊತ್ತಿರಲಿಲ್ರಿ’ ಎಂದರಂತೆ.

ಸಾಹೇಬರು ಈಗ ಕವನ ಸಂಕಲನ ತರುವ ಮನಸ್ಸು ಮಾಡಿದ್ದಾರೆ. ಮುನ್ನುಡಿ ಯಾರಿಂದ ಬರೆಸುವುದು ಎಂಬುದಿನ್ನೂ ತೀರ್ಮಾನವಾಗಿಲ್ಲ. ಕವಿತೆ ಯಾರಿಂದ ಎಂಬುದು ಆಗಿದೆ. ಪರೀಕ್ಷೆ ಮುಗಿದ ಕೂಡಲೇ ಪೆನ್ನು ತಗೊಂಡು ಬಾ ಎಂದು ಹುಡುಗಿಗೆ ಹೇಳಿಕಳಿಸಿದ್ದಾರೆ.