ಅಪ್ಪಯ್ಯನ ಕೃಷಿರಂಗ, ನನ್ನ ಗುಲಾಬಿ ಚುಕ್ಕೆ

ಹೋದ ಭಾನುವಾರ ಮಧ್ಯಾಹ್ನ ಶರ್ಟಿಗೆ ಇಸ್ತ್ರಿ ಹಾಕ್ತಾ ಊರಿಗೆ ಫೋನ್ ಮಾಡಿದ್ದೆ. ಅಪ್ಪಯ್ಯ ಎರಡು ಮಾತಾಡಿ ಸುಮ್ನಾದ್ರು, ಆಮೇಲೆ "ಯಾರು ಮಾರಾಯ ಮನೆಗೆ ಬಂದಿರೋದು, ನಾಲ್ಕೈದು ಜನ ಇದ್ದಂಗಿದೆ" ಅಂದ್ರು. ಯಾರೂ ಇಲ್ಲ ಅಪ್ಪಯ್ಯ, ರೇಡಿಯೋ ಅಂದೆ. "ರೇಡಿಯೋನಾ? ಒಂದು ಹಾಡೂ ಇಲ್ವಲ್ಲ, ಬರೀ ಮಾತು. ಏನಂತೆ?" ಗುಲಾಬಿ ಎಲೆ ಮೇಲೆ ಕಪ್ಪು ಚುಕ್ಕೆ ಬಿದ್ರೆ ಏನು ಮಾಡ್ಬೇಕು ಅಂತ ಯಾರೋ ಅಜ್ಜಿ ಕೇಳ್ತಿದಾರೆ, ಮೂರು ಜನ ಸೇರ್ಕೊಂಡು ಉತ್ತರ ಹೇಳ್ತಿದಾರೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. "ಅಲ್ಲಾ, ನಾನು ಕೃಷಿರಂಗ ಹಾಕಿದ್ರೆ ಓಡಿ ಬಂದು ಸ್ಟೇಷನ್ ತಿರುಗಿಸ್ತಿದ್ದೋನು ನೀನೇ ಅಲ್ವೇನಾ?"

ಚುಚ್ತು. ಯಾಕಂದ್ರೆ ನಿಜ ಅದು.

ನಮ್ಮನೆ ರೇಡಿಯೋ ಜಗಲಿ ಗೂಡಲ್ಲಿರ್ತಿತ್ತು, ಅಮ್ಮ ಕ್ರೋಶಾ ಹಾಕಿದ ಬಟ್ಟೆ ಹೊದ್ದುಕೊಂಡು, ಮದುಮಗಳ ಥರ. ಸೆಲ್ಲು ವೀಕಾದ್ರೆ ಬಿಸಿಲಿಗಿಡೋದು, ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಬಿಸಿಲೆಲ್ಲಿ, ಒಲೆ ಪಕ್ಕ ಇಟ್ಟು ಬೆಚ್ಚಗೆ ಮಾಡಿ ಇನ್ನೊಂದು ವಾರ ಓಡಿಸೋದು. ಸಂಜೆ ದೀಪ ಹಚ್ಚೋ ಹೊತ್ತಿಗೆ ಭದ್ರಾವತಿ ಸ್ಟೇಷನ್ನಲ್ಲಿ ಕೃಷಿರಂಗ. ಅಡಿಕೆಗೆ ಕೊಳೆ ಬರೋ ಕಾಲದಲ್ಲಂತೂ ಪ್ರತಿವರ್ಷ ಅದೇ ಪಾಠ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇಡ ಬೇಡ ಅಂದ್ರೂ ನನಗೆ ಮಗ್ಗಿ ಥರ ಬಾಯಿಪಾಠ ಆಗಿಹೋಗಿತ್ತು. ಅಪ್ಪಯ್ಯ ಕೈಕಾಲು ತೊಳ್ಯಕ್ಕೆ ಹೋದ್ರೆ ಸಾಕು, ನಾನು ಕಿವಿ ಹಿಂಡಿ ಸಿನಿಮಾ ಹಾಡಿಗೆ ತಿರುಗಿಸ್ತಿದ್ದೆ.

ಅದೇ ನಾನು ಈಗ ಇಂಗ್ಲೆಂಡಿನ ರೆಡಿಂಗಲ್ಲಿ ಕೂತು, ಮಾತೇ ಹೆಚ್ಚಿರೋ ಬಿಬಿಸಿ ರೇಡಿಯೋ 4ರ ಭಾನುವಾರಕ್ಕೆ ವಾರವಿಡೀ ಕಾಯ್ತೀನಿ. ಇಲ್ಲಿಯ ಭಾನುವಾರ ಅಂದ್ರೆ ಹೇಗೆ ಹೇಳೋದು, ಒಂದು ದೊಡ್ಡ ಜಗಲಿ, ಒಬ್ಬರು ಎದ್ದು ಹೋದ್ರೆ ಇನ್ನೊಬ್ಬರು ಬಂದು ಕೂರ್ತಾರೆ. ಆರು ಗಂಟೆಗೂ ಮುಂಚೆ ಯಾವುದೋ ಒಂದೂರಿನ ಚರ್ಚಿನ ಗಂಟೆ. ಆಮೇಲೆ ಧರ್ಮದ ಸುದ್ದಿ, ಪ್ರಾರ್ಥನೆ, ನಡುವೆ ಯಾವುದಾದ್ರೂ ಒಂದು ಚಾರಿಟಿಗೆ ದುಡ್ಡು ಕೊಡಿ ಅಂತ ಪುಟ್ಟ ಮನವಿ, ಇದು 1926ರಿಂದ ನಡ್ಕೊಂಡು ಬಂದಿದೆಯಂತೆ. ಒಂಬತ್ತಕ್ಕೆ ಪೇಪರ್ ಓದ್ತಾ ಹರಟೆ. 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಅಂತೊಂದಿದೆ, 1942ರಲ್ಲಿ ಯುದ್ಧ ನಡೀತಿದ್ದಾಗ ಶುರುವಾಗಿದ್ದು, ನಿರ್ಜನ ದ್ವೀಪಕ್ಕೆ ಎಂಟು ಹಾಡು, ಒಂದು ಪುಸ್ತಕ, ಒಂದು ಐಷಾರಾಮಿ ವಸ್ತು ತಗೊಂಡು ಹೋಗ್ಬೋದು, ಯಾವುದು ಹೇಳಿ ಅಂತ. ನನ್ನ ಹೆಂಡ್ತಿ ಐಷಾರಾಮಿ ವಸ್ತು ಅಪ್ಪೆಮಿಡಿ ಜಾಡಿ ಅಂತಾಳೆ, ಪ್ರತಿವಾರ, ಕೇಳದಿದ್ರೂ.

ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಸಮುದ್ರದ ಹವಾಮಾನ. 31 ಕಡಲ ಭಾಗಗಳ ಹೆಸರನ್ನ ಸಾಲಾಗಿ ಓದ್ತಾರೆ, ವೈಕಿಂಗ್, ಡಾಗರ್, ಫಿಶರ್, ಜರ್ಮನ್ ಬೈಟ್ ಅಂತ, ಗಾಳಿ ಎಷ್ಟು, ಮಳೆಯುಂಟಾ, ಎಷ್ಟು ದೂರ ಕಾಣುತ್ತೆ ಅಷ್ಟೇ. ಹಡಗೂ ಇಲ್ಲ ದೋಣಿಯೂ ಇಲ್ಲ ನನಗೆ, ಈಜು ಕೂಡ ಸರಿಯಾಗಿ ಬರಲ್ಲ, ಆದ್ರೂ ಅಜ್ಜಿ ಸ್ನಾನ ಮಾಡುವಾಗ ಗಂಗೇ ಚ ಯಮುನೇ ಚೈವ ಅಂತಿದ್ದಿದ್ದು ಕಿವಿಗೆ ಬರುತ್ತೆ. ಅಜ್ಜಿಯೂ ತುಂಗೆ ಬಿಟ್ಟು ಬೇರೆ ಯಾವ ನದಿ ನೋಡಿದ್ದಳು?

ಆದ್ರೆ ನನಗೆ ಹೇಳ್ಬೇಕಿರೋದು ಆ ತೋಟದ ಕಾರ್ಯಕ್ರಮದ ವಿಷಯ. 'ಗಾರ್ಡನರ್ಸ್ ಕ್ವೆಶ್ಚನ್ ಟೈಮ್', ಭಾನುವಾರ ಮಧ್ಯಾಹ್ನ ಎರಡಕ್ಕೆ, ಶುಕ್ರವಾರ ಆಗಿದ್ದನ್ನೇ ಮತ್ತೆ ಹಾಕೋದು. 1947ರಲ್ಲಿ ಆ್ಯಶ್ಟನ್-ಅಂಡರ್-ಲೈನ್ ಅನ್ನೋ ಊರಿನ ಒಂದು ಹೋಟೆಲಲ್ಲಿ ಶುರುವಾಗಿ ಇವತ್ತಿನವರೆಗೂ ನಡೀತಿದೆ. ತಜ್ಞರು ಊರೂರಿಗೆ ಹೋಗ್ತಾರೆ, ಜನ ಎದ್ದು ನಿಂತು ಕೇಳ್ತಾರೆ, ನನ್ನ ಬೀನ್ಸ್ ಯಾಕೆ ಕಾಯಿ ಬಿಟ್ಟಿಲ್ಲ, ಚಿಪ್ಪಿಲ್ಲದ ಬಸವನಹುಳದಂಥ ಗೊಂಡೆಹುಳ ಹೇಗೆ ಓಡಿಸ್ಲಿ. ಉತ್ತರ ಹೇಳೋರು ಒಬ್ರಿಗೊಬ್ರು ಒಪ್ಪಲ್ಲ, ಕಾಲೆಳೀತಾರೆ, ಸಭೆ ನಗುತ್ತೆ. ಹಾಗೇನೇ 'ದಿ ಆರ್ಚರ್ಸ್', 1951ರ ಜನವರಿ 1ರಿಂದ ದೇಶಕ್ಕೆಲ್ಲ ಕೇಳ್ತಿರೋ ಧಾರಾವಾಹಿ, ಭಾನುವಾರ ಬೆಳಗ್ಗೆ ವಾರದ್ದೆಲ್ಲ ಒಟ್ಟಿಗೆ ಬರುತ್ತೆ. ಆ್ಯಂಬ್ರಿಡ್ಜ್ ಅನ್ನೋ ಇಲ್ಲದ ಹಳ್ಳಿಯ ಕತೆ. ಯುದ್ಧ ಮುಗಿದು ರೇಷನ್ ಇದ್ದ ಕಾಲ ಅದು, ರೈತರಿಗೆ ಹೊಸ ವಿಧಾನ ಕಲಿಸಿ ಬೆಳೆ ಜಾಸ್ತಿ ಮಾಡಿಸ್ಬೇಕು ಅಂತ ಕೃಷಿ ಇಲಾಖೆಯ ಸಲಹೆ ತಗೊಂಡೇ ಮಾಡಿದ್ದು. ಅಂದ್ರೆ ಏನಾಯ್ತು? ಇದೂ ಕೃಷಿರಂಗವೇ! ಗೊಬ್ಬರದ ವಿಷಯಾನ ಅತ್ತೆಸೊಸೆ ಜಗಳದ ಒಳಗೆ ಇಟ್ಟು ಕೊಟ್ರು, ಕೊಬ್ಬರಿ ಒಳಗೆ ಗುಳಿಗೆ ಇಟ್ಟು ಮಕ್ಕಳಿಗೆ ಕೊಟ್ಟಂಗೆ.

ನಮ್ಮಲ್ಲಿ ಗುಳಿಗೆ ಗುಳಿಗೆಯಾಗೇ ಬಂತು. ಬರ್ಕೊಂಡು ಬಂದಿದ್ದನ್ನ ಓದೋ ಅಧಿಕಾರಿ, "ರೈತ ಬಾಂಧವರೇ" ಅಂತ ಆ ದನಿ. ಇನ್ನು ಈಗಿನ ಎಫ್ಎಂ. ಹೋದ ಡಿಸೆಂಬರಲ್ಲಿ ಏರ್ಪೋರ್ಟಿಂದ ಬನಶಂಕರಿಗೆ ಟ್ಯಾಕ್ಸೀಲಿ ಎರಡೂವರೆ ತಾಸು, ಹೆಬ್ಬಾಳದಲ್ಲೇ ಮುಕ್ಕಾಲು ಗಂಟೆ, ಅಷ್ಟೂ ಹೊತ್ತು ಆರ್‌ಜೆ ತಾನೇ ಜೋಕ್ ಹೇಳಿ ತಾನೇ ನಕ್ಕಿದ್ದು, ಅರ್ಧ ಇಂಗ್ಲಿಷು, ಜಾಹೀರಾತು, ಹಾಡು, ಮತ್ತೆ ಜಾಹೀರಾತು. ಒಂದು ವಿಷಯ ಹಿಡಿದು ಹತ್ತು ನಿಮಿಷ ಮಾತಾಡಿದ್ರೆ ಕೇಳೋರು ಸತ್ತೇ ಹೋಗ್ತಾರೆ ಅಂದ್ಕೊಂಡಿದಾರಾ? ಹರಟೆ ಹೊಡ್ಯೋಕೆ ನಮಗಿಂತ ಬೇಕಾ ಜನ? ಒಂದು ಕಟ್ಟೆ, ಒಂದು ಕವಳದ ಸಂಚಿ ಸಿಕ್ರೆ ಸಂಜೆ ಮುಗಿಸಿಬಿಡೋ ಜನಕ್ಕೆ ರೇಡಿಯೋದಲ್ಲಿ ಮಾತೇ ಇಲ್ಲ.

ಹೀಗೆ ಬೈದಾದ ಮೇಲೆ ಒಂದೆರಡು ಮಾತು ಹೇಳ್ಲೇಬೇಕು, ಇಲ್ದಿದ್ರೆ ತಂಗಿ ಬೈತಾಳೆ. ನಮ್ಮ ಖಾಸಗಿ ಎಫ್ಎಂನೋರಿಗೆ ಸ್ವಂತವಾಗಿ ಸುದ್ದಿ ಓದೋಕೇ ಪರ್ಮಿಷನ್ ಇಲ್ಲ, ಆಕಾಶವಾಣಿ ಸುದ್ದೀನ ಇದ್ದಂಗೇ ಹಾಕ್ಬೋದು ಅಷ್ಟೇ. ಮೇಲೆ ಹರಾಜಲ್ಲಿ ಕೂಗಿ ತಗೊಂಡ ಲೈಸೆನ್ಸು, ಪಾಪ ಆ ಆರ್‌ಜೆ ಹುಡುಗಿ ನಗದೆ ಏನು ಮಾಡ್ತಾಳೆ. ಇಲ್ಲಿ ಬಿಬಿಸಿಗೆ ಟಿವಿ ನೋಡೋ ಹೆಚ್ಚಿನ ಮನೆಗಳಿಂದ ತಲಾ ವರ್ಷಕ್ಕೆ 170 ಪೌಂಡಿನ ಮೇಲೆ ಹೋಗುತ್ತೆ, ಅದಕ್ಕೇ ಜಾಹೀರಾತಿಲ್ಲ. ರೇಡಿಯೋ 4ರ ದನಿಗಳೂ ಹೆಚ್ಚಿನವು ಒಂದೇ ಥರದ ಮನೆಯಿಂದ ಬಂದಂಗೆ, ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗಿ ಇವರ ಆ ನಯವಾದ ಮಾತು ಕೇಳ್ತಾ ಕೂತ್ರೆ ಎದ್ದು ಹೋಗಿ ಯಾರತ್ರಾದ್ರೂ ಜಗಳ ಆಡೋಣ ಅನ್ಸುತ್ತೆ. ಮತ್ತೆ ಆಕಾಶವಾಣಿ ಅನ್ನೋ ಹೆಸರಾದ್ರೂ ಎಲ್ಲಿಂದ ಬಂತು? 1935ರಲ್ಲಿ ಮೈಸೂರಲ್ಲಿ ಸೈಕಾಲಜಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೆಯಲ್ಲೇ ನಡೆಸಿದ ಸ್ಟೇಷನ್ನಿಂದ. ಸರ್ಕಾರ ಕೇಳಿ ಮಾಡಿದ್ದಲ್ಲ, ಹುಚ್ಚಿಗೆ ಮಾಡಿದ್ದು.

ಕೃಷಿರಂಗದ ಬಗ್ಗೆಯೂ ನಾನು ಅಂದಿದ್ದು ಜಾಸ್ತಿ ಆಯ್ತೇನೋ. ಆ ಅಧಿಕಾರಿ ದನಿ ಹೇಗಾದ್ರೂ ಇರ್ಲಿ, ಅವರು ಹೇಳಿದ ದಿನ ಔಷಧಿ ಹೊಡ್ದಿದ್ದಕ್ಕೇ ನಮ್ಮ ತೋಟದ ಅಡಿಕೆ ಉಳ್ಕೊಂಡ ವರ್ಷಗಳಿವೆ, ನನ್ನ ಇಂಜಿನಿಯರಿಂಗ್ ಫೀಸು ಆ ಅಡಿಕೆಯದ್ದೇ.

ಈ ಭಾನುವಾರ ಮತ್ತೆ ಎರಡು ಗಂಟೆಗೆ ಫೋನ್ ಮಾಡಿದೆ. ಬೇಸಿಗೆಯಲ್ಲಿ ಇಲ್ಲಿ ಎರಡು ಅಂದ್ರೆ ಊರಲ್ಲಿ ಆರೂವರೆ, ಅಪ್ಪಯ್ಯ ರೇಡಿಯೋ ಮುಂದೆ ಕೂರೋ ಹೊತ್ತೇ. ಹಿಂದುಗಡೆ ಭದ್ರಾವತಿ ಗೊರಗುಟ್ತಿತ್ತು, ಈ ಕಡೆ ನನ್ನದು. "ಆ ಅಜ್ಜಿ ಗುಲಾಬಿ ಏನಾಯ್ತೋ?" ಅಂದ್ರು. ಉದುರಿದ ಎಲೆ ಆರಿಸಿ ಆಚೆ ಹಾಕಿ ಅಂದ್ರಪ್ಪ ಅಂದೆ.

"ಬರೀ ಎಲೆ ಆರಿಸಿದ್ರೆ ಹೋಗುತ್ತಾ? ಅದೂ ಶಿಲೀಂಧ್ರವೇ ಅಲ್ವಾ. ಮೈಲುತುತ್ತ ಹೊಡೀರಿ ಅಂತ ಬರೆದು ಹಾಕು ಅವರಿಗೆ. ನೂರು ಲೀಟರಿಗೆ ಎಷ್ಟು ಅಂತ ನೆನಪಿದೆಯಲ್ಲ ನಿಂಗೆ?"