ಹೋವರ್‌ನಲ್ಲಿದ್ದಾಗಲೇ ಯಾಕೆ ಕರೀತಾರೆ?

ಕಂಪ್ಯೂಟರ್‌ನಲ್ಲಿ ದೊಡ್ಡ ವಿಮಾನ ಹಾರಿಸುವವರು ಪುಣ್ಯವಂತರು. ಆಟೋಪೈಲಟ್ ಹಾಕಿ ಕಾಫಿ ಕುಡಿದು ಬರಬಹುದು. ನನಗೆ ಹಿಡಿದಿರುವುದು ಅಪಾಚೆ ಹುಚ್ಚು. ಈ ಯುದ್ಧ ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಲು, ಅಂದರೆ ಹೋವರ್ ಮಾಡಲು, ಎರಡು ಕೈ, ಎರಡು ಕಾಲು ಎಲ್ಲವೂ ಬೇಕು. ಎಡಗೈಯಲ್ಲಿ ಕಲೆಕ್ಟಿವ್ (ಮೇಲೇರಿಸುವ, ಇಳಿಸುವ ಲಿವರ್) ಎತ್ತಿದರೆ ಮೂತಿ ಬಲಕ್ಕೆ ತಿರುಗುತ್ತದೆ. ಎಡ ಪೆಡಲ್ ಒತ್ತಬೇಕು. ಒತ್ತಿದರೆ ಪಕ್ಕಕ್ಕೆ ಜಾರುತ್ತದೆ, ಅದನ್ನು ಬಲಗೈಯ ಸ್ಟಿಕ್‌ನಿಂದ ಹಿಡಿಯಬೇಕು. ಇದು ರೂಢಿಯಾಯ್ತು ಅಂತ ರಷ್ಯಾದ ಮಿ-24 ಹೆಲಿಕಾಪ್ಟರ್ ಹತ್ತಿದರೆ ಅದರ ರೋಟರ್ (ತಲೆ ಮೇಲಿನ ರೆಕ್ಕೆ) ಉಲ್ಟಾ ಸುತ್ತುತ್ತದೆ, ಪೆಡಲ್ಲೂ ಉಲ್ಟಾ!

ಟ್ರಿಮ್, ಅಂದರೆ ಸ್ಟಿಕ್ಕನ್ನು ಬೇಕಾದಲ್ಲಿ ನಿಲ್ಲಿಸಿಡುವುದು, ಅದರ ಗೋಳು ಬೇರೆ. ನಿಜವಾದ ಅಪಾಚೆಯಲ್ಲಿ ಗುಂಡಿ ಒತ್ತಿ ಬಿಟ್ಟರೆ ಸ್ಟಿಕ್ ಇದ್ದಲ್ಲೇ ನಿಲ್ಲುತ್ತದೆ. ನನ್ನ ಜಾಯ್‌ಸ್ಟಿಕ್‌ನ ಸ್ಪ್ರಿಂಗ್‌ಗೆ ಆ ಮರ್ಯಾದೆ ಗೊತ್ತಿಲ್ಲ. ಕೈ ಬಿಟ್ಟ ತಕ್ಷಣ ನಡುವಿಗೆ ಓಡುತ್ತದೆ.

ಇಷ್ಟೆಲ್ಲ ಸಂಭಾಳಿಸಿ, ಮರಗಳ ಹಿಂದೆ ಅವಿತು, ಹೆಲ್‌ಫೈರ್ ಕ್ಷಿಪಣಿಗೆ ಗುರಿ ಸಿಕ್ಕ ಹೊತ್ತಿಗೆ ಸರಿಯಾಗಿ ಅಮ್ಮ ಬರುತ್ತಾರೆ. "ಸಿಲಿಂಡರ್‌ನೋನು ಬಂದಿದಾನೆ, ಕೆಳಗೆ ಹೋಗಿ ಇಸ್ಕೊಂಡು ಬಾರೋ."

"ಒಂದ್ನಿಮಿಷ ಅಮ್ಮಾ."

"ಅದು ಸುಮ್ನೆ ನಿಂತಿದೆಯಲ್ಲೋ, ಎಲ್ಲಿಗೂ ಹೋಗ್ತಿಲ್ವಲ್ಲ!"

ಸುಮ್ನೆ ನಿಲ್ಲಿಸುವುದೇ ಕಷ್ಟ ಅಂತ ಹೇಗೆ ಹೇಳುವುದು? ನಾಲ್ಕು ಜನ ಸೇರಿ ಆನ್‌ಲೈನ್‌ನಲ್ಲಿ ಆಡುವಾಗ ಪಾಜ್ ಮಾಡುವ ಹಾಗೂ ಇಲ್ಲ.

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ಹತ್ತಿರ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲಂತೂ ನೆಂಟರ ಕಾಟ ಜಾಸ್ತಿ. "ಇಲ್ಲಿ ಕೂತು ಆಡೋ ಬದಲು ಅಲ್ಲೇ ಹೋಗಿ ಕೆಲಸ ಕೇಳಬಾರದಾ?" ಅನ್ನುತ್ತಾರೆ. ಅಲ್ಲಿ ಹೆಲಿಕಾಪ್ಟರ್ ಕಟ್ಟುತ್ತಾರೆ ಮಾಮ, ನನಗೆ ಬೀಳಿಸಿ ಮಾತ್ರ ಅಭ್ಯಾಸ.