ಕೊಟ್ಟ ನೆತ್ತರಿನ ಲೆಕ್ಕ

ಕಾಸರಗೋಡಿನ ಪೆರ್ಲದಿಂದ ಪುತ್ತೂರಿಗೆ ಹೋಗುವ ಬಸ್ಸು ಅಡ್ಕಸ್ಥಳ ದಾಟಿ ಸಾರಡ್ಕ ತಲುಪಿದರೆ ಕೇರಳ ಮುಗಿದು ಕರ್ನಾಟಕ ಶುರು, ಬೋರ್ಡುಗಳ ಲಿಪಿ ಬದಲಾಗುತ್ತದೆ. ಬಸ್ಸಿನೊಳಗಿನ ಮಾತು ಹಾಗೇ ಇರುತ್ತದೆ: ತುಳು, ಹವ್ಯಕ, ಕನ್ನಡ, ನಡುನಡುವೆ ಒಂದಿಷ್ಟು ಮಲಯಾಳ. ಈ ದಾರಿಯಲ್ಲಿ ನಾಲ್ಕು ವರ್ಷ ದಿನಾ ಓಡಾಡಿದ್ದೇನೆ. ಆಗ ಗಡಿಯಾಚೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಈಗ ಈಚೆ ಮಾಡುತ್ತಿದ್ದೇನೆ. ಆಚೆ ನಾನು ‘ಸರ್’, ಈಚೆ ‘ಮಾಷ್’. ಸಂಬಳದ ಚೀಟಿಯೊಂದು ಬಿಟ್ಟರೆ ವ್ಯತ್ಯಾಸ ಇಷ್ಟೇ ಎಂದು ಮೊದಮೊದಲು ಅಂದುಕೊಂಡಿದ್ದೆ.

ಕಲಿಸುವವರಿಗೆ, ಸಂಶೋಧನೆ ಮಾಡುವವರಿಗೆ ಇರಬೇಕಾದ ಹೊಣೆಯ ಬಗ್ಗೆ ಸೆಮಿನಾರುಗಳಲ್ಲಿ ಬಹಳ ಕೇಳಿದ್ದೇನೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಪಡ್ರೆಯ ಅಜ್ಜಿಯೊಬ್ಬರ ಒಂದು ವಾಕ್ಯ.

ಎಣ್ಮಕಜೆ ಪಂಚಾಯತಿನ ಪಡ್ರೆ ಎಂದರೆ ಈಗ ಕೇರಳದಲ್ಲಿ ಗೊತ್ತಿಲ್ಲದವರು ಕಡಿಮೆ. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ತಗ್ಗಿನಲ್ಲಿ ಮನೆ, ತೋಡು, ಅಡಿಕೆ ತೋಟ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ವರ್ಷಕ್ಕೆ ಎರಡು ಮೂರು ಸಲ ಗೇರಿನ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದು ಹೋಗುತ್ತಿತ್ತು. ಸಿಂಪಡಿಸುವ ಮೊದಲು ನೀರಿನ ಮೂಲಗಳನ್ನು ಮುಚ್ಚಬೇಕೆಂದು ನಿಯಮವಿತ್ತಂತೆ. ಹರಿಯುವ ತೋಡನ್ನು ಮುಚ್ಚುವುದು ಹೇಗೆಂದು ನಿಯಮ ಬರೆದವರನ್ನೇ ಕೇಳಬೇಕು. ಕರುಗಳು ಕೈಕಾಲು ತಿರುಚಿಕೊಂಡು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀ ಪಡ್ರೆಯವರು ಎಂಬತ್ತರ ದಶಕದ ಆರಂಭಕ್ಕೇ ಎಚ್ಚರಿಸಿದ್ದರು. ವಾಣಿನಗರದ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ತೊಂಬತ್ತರ ದಶಕದಲ್ಲಿ ವೈದ್ಯಲೋಕದ ಮುಂದಿಟ್ಟರು. ಇಬ್ಬರೂ ಯಾವ ವಿಶ್ವವಿದ್ಯಾನಿಲಯದ ನೌಕರರೂ ಆಗಿರಲಿಲ್ಲ ಎಂಬುದನ್ನು ನನ್ನ ವೃತ್ತಿಬಾಂಧವರು ನೆನಪಿಡುವುದು ಒಳ್ಳೆಯದು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಇಲ್ಲಿಯ ನೀರು, ಮಣ್ಣು, ನೆತ್ತರು, ಎದೆಹಾಲು ಪರೀಕ್ಷಿಸಿ ವಿಷ ಇದೆ ಎಂದರು. ಅದರ ಬೆನ್ನಿಗೇ ಕಾರ್ಪೊರೇಶನ್ ತಾನೇ ಹಣ ಕೊಟ್ಟು ಮಾಡಿಸಿದ ಇನ್ನೊಂದು ಅಧ್ಯಯನ ಬಂತು, ನೆತ್ತರಲ್ಲಿ ಇಲ್ಲ ಎಂದಿತು. ಊರು ಅದೇ, ಜನ ಅವರೇ, ಉತ್ತರ ಮಾತ್ರ ಎರಡು. ಪ್ರಶ್ನೆಗೆ ಹಣ ಹಾಕಿದವರು ಯಾರು ಎಂಬುದನ್ನು ಉತ್ತರದ ಪಕ್ಕದಲ್ಲೇ ಬರೆಯಬೇಕು ಎಂಬ ಪಾಠಕ್ಕೆ ನಾನು ಇಂದಿಗೂ ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಡುವುದು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಹುಡುಗರನ್ನೂ ಸಿಂಪಡಣೆ ಇಲ್ಲದ ಕಡೆಯ 90 ಹುಡುಗರನ್ನೂ ಹೋಲಿಸಿ ನೋಡಿದರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಅವರ ಲೇಖನ 2003ರಲ್ಲಿ ಪ್ರಕಟವಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹಾಕಿತು.

ನಿಷೇಧವಾಗಿ ಒಂದೆರಡು ವರ್ಷ ಊರಿಗೆ ತಂಡದ ಮೇಲೆ ತಂಡ ಬರುತ್ತಿತ್ತು. ಅಂಥದೊಂದು ತಂಡಕ್ಕೆ, ಹೆಸರು ಬೇಡ, ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ದುಭಾಷಿಯಾಗಿ ಹೋದೆ. ದಿನಕ್ಕೆ ಮುನ್ನೂರು ರೂಪಾಯಿ, ಮಧ್ಯಾಹ್ನದ ಊಟ. ಫಾರಂ ಇದ್ದದ್ದು ಇಂಗ್ಲಿಷು ಮತ್ತು ಮಲಯಾಳದಲ್ಲಿ. ಮನೆಗಳಲ್ಲಿದ್ದದ್ದು ತುಳು, ಕನ್ನಡ, ಮರಾಟಿ. ಮೊದಲ ದಿನ ಪೂರ್ತಿ ಫಾರಂ ಓದಿ ಹೇಳುತ್ತಿದ್ದೆ. ಮೂರನೇ ದಿನಕ್ಕೆ ‘ಪರೀಕ್ಷೆಗೆ ಸ್ವಲ್ಪ ನೆತ್ತರು ತೆಗೀತಾರೆ, ಇಲ್ಲೊಂದು ರುಜು’ ಎಂಬಲ್ಲಿಗೆ ಇಳಿದಿದ್ದೆ. ಜೀಪಿನವರಿಗೆ ಸಂಜೆಯೊಳಗೆ ಇಪ್ಪತ್ತು ಮನೆ ಆಗಬೇಕಿತ್ತು.

ಆ ಅಜ್ಜಿ ಕೈ ಚಾಚಲಿಲ್ಲ. ಸೆರಗಿನೊಳಗೆ ಇಟ್ಟುಕೊಂಡೇ ಕೇಳಿದರು: “ದುಂಬುದ ನೆತ್ತೆರ್ ದಾನೆ ಆಂಡ್ ಮಗಾ?” ಹಿಂದೆ ಒಯ್ದ ನೆತ್ತರು ಎಂತಾಯಿತು ಎಂದು. ನಾನು ತಂಡದ ಹಿರಿಯರಿಗೆ ಮಲಯಾಳದಲ್ಲಿ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಸಿಡುಕಲಿಲ್ಲ. ಅದು ನಾವಲ್ಲ, ಬೇರೆಯವರು ಒಯ್ದಿರಬೇಕು ಎಂದರು. ನಾನದನ್ನು ತುಳುವಿಗೆ ತಿರುಗಿಸುವ ಹೊತ್ತಿಗೇ ಅಜ್ಜಿ ಕೈ ಹೊರಗೆ ತೆಗೆದು ಚಾಚಿಬಿಟ್ಟಿದ್ದರು. ಒಪ್ಪಿಗೆ ಎಂದು ನಾವು ಬರೆದುಕೊಂಡೆವು. ನಿಜವಾಗಿ ಅದು ಬೇಸತ್ತು ಚಾಚಿದ ಕೈ. ಆ ಸಲದ ಫಲಿತಾಂಶವೂ ಅವರ ಮನೆಗೆ ಬರಲಿಲ್ಲ. ಕೇಳೋಣವೆಂದರೆ ನನ್ನ ಬಳಿ ಇದ್ದದ್ದು ಜೀಪು ಡ್ರೈವರನ ನಂಬರು ಮಾತ್ರ.

ಇದನ್ನು ಹೇಳಿದಾಗ ಕರ್ನಾಟಕದ ಗೆಳೆಯರು ತಟ್ಟನೆ ಹೇಳುವುದು, “ಕೇರಳದವರು ಕನ್ನಡಿಗರನ್ನು ನೋಡಿಕೊಳ್ಳುವುದೇ ಹಾಗೆ” ಎಂದು. ಅಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ಅದೇ ವಿಷ ಅದೇ ರೀತಿ ಹೆಲಿಕಾಪ್ಟರಿನಿಂದ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಯ ಮೇಲೂ ಬಿದ್ದಿದೆ. ಅಲ್ಲಿಯ ತೋಟ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ್ದು. ಅಲ್ಲಿಯ ಅಜ್ಜಿಯ ಮನೆಗೆ ಬರುವ ಅಧಿಕಾರಿಗೆ ಕನ್ನಡ ಬರುತ್ತದೆ, ಬಹುಶಃ ತುಳುವೂ ಬರುತ್ತದೆ. ಆದರೆ ಬರುವವರ ಸಾಲೇ ಸಣ್ಣದು. ಕೊಕ್ಕಡದ ಸುದ್ದಿ ಬೆಂಗಳೂರಿಗೆ ಮುಟ್ಟುವುದಕ್ಕೆ ಪಡ್ರೆಯ ಸುದ್ದಿ ದೇಶ ಸುತ್ತಿ ಬರಬೇಕಾಯಿತು. ಮಾಸಾಶನ, ಪಾಲನಾ ಕೇಂದ್ರ ಎಲ್ಲ ಬಂದದ್ದು ಆಮೇಲೆ. ಈಚೆ ನಮ್ಮನ್ನು ಕೇಳುವವರು ಬಹಳ, ಕೇಳುವುದು ನಮ್ಮ ಭಾಷೆಯಲ್ಲಲ್ಲ. ಆಚೆ ಭಾಷೆ ನಮ್ಮದೇ, ಕೇಳುವವರಿಲ್ಲ.

ಕೇರಳದ ಕ್ರಮದಲ್ಲಿ ನಾನು ಮೆಚ್ಚುವುದೊಂದಿದೆ. ಇಲ್ಲಿ ವಿಜ್ಞಾನ ಚಹಾದಂಗಡಿಗೆ ಬರುತ್ತದೆ. 1962ರಲ್ಲಿ ಶುರುವಾದ ಶಾಸ್ತ್ರ ಸಾಹಿತ್ಯ ಪರಿಷತ್ತು ಊರೂರಿನ ವಾಚನಾಲಯಗಳಿಗೆ ವಿಜ್ಞಾನವನ್ನು ಒಯ್ದದ್ದರಿಂದ ಸಮಿತಿಯ ವರದಿಯೊಂದು ಬಂದರೆ ಆಟೋ ಓಡಿಸುವವರಿಗೂ ಅದರ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ಎಷ್ಟೋ ಸಲ ಅದು ಪಕ್ಷದ ಅಭಿಪ್ರಾಯ, ಅದು ಬೇರೆ ಮಾತು. ಕರ್ನಾಟಕದಲ್ಲೂ 1980ರಿಂದ ರಾಜ್ಯ ವಿಜ್ಞಾನ ಪರಿಷತ್ತು ಇದೆ, ಅದರ ‘ಬಾಲ ವಿಜ್ಞಾನ’ ಓದಿಯೇ ನಾನು ಬೆಳೆದದ್ದು. ಆದರೆ ಅದು ನನಗೆ ಗ್ರಹಣವನ್ನೂ ಮಿಂಚುಹುಳವನ್ನೂ ಕಲಿಸಿತು. ನಮ್ಮ ಗುಡ್ಡದ ಹೆಲಿಕಾಪ್ಟರಿನ ಬಗ್ಗೆ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ಈಚೆಯ ಮಲಯಾಳಿ ಸಹಪಾಠಿಗಳಿಂದ. ತರಗತಿಯಲ್ಲೂ ಹಾಗೇ. ಗಡಿಯಾಚೆ ನನ್ನ ತಪ್ಪನ್ನು ಯಾವ ವಿದ್ಯಾರ್ಥಿಯೂ ತಿದ್ದಿದ್ದಿಲ್ಲ. ಪರೀಕ್ಷೆ ಮುಗಿದ ಮೇಲೆ ಕಾಲಿಗೆ ಬೀಳುತ್ತಿದ್ದರು. ಈಚೆ ಮೊದಲ ವಾರವೇ ಹಿಂದಿನ ಬೆಂಚಿನಿಂದ “ಅದು ಹಾಗಲ್ಲ ಮಾಷೇ” ಎಂದು ಬಂತು. ಮೊದಲ ಸಲ ಉರಿದುಹೋಯಿತು ನಿಜ.

ಈಗ ನನ್ನದೇ ಕಳ್ಳತನ. ಪಡ್ರೆಯಲ್ಲಿ ಆ ಅಜ್ಜಿ ಹೇಳಿದ ಕತೆಯನ್ನು, ಹೆಲಿಕಾಪ್ಟರಿನ ಸದ್ದಿಗೆ ಅಂಗಳದ ಅಡಿಕೆ ಬಿಟ್ಟು ಮಕ್ಕಳನ್ನು ಒಳಗೆಳೆಯುತ್ತಿದ್ದ ಆ ಕತೆಯನ್ನು, ಕೆಲಸ ಸಿಕ್ಕಿದ ಹೊಸದರಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದೆ. ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ಅವರ ಹೆಸರಿಲ್ಲ, ಅವರನ್ನು ಕೇಳಿಯೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಪಿಎಚ್.ಡಿ. ಪ್ರಬಂಧವೊಂದನ್ನು ಓದುತ್ತಿದ್ದಾಗ ಅದೇ ಪ್ಯಾರಾ ಎದುರಿಗೆ ಬಂತು, ನನ್ನ ಅಲ್ಪವಿರಾಮಗಳ ಸಮೇತ. ಪ್ರಬಂಧಕ್ಕೆ ಲಗತ್ತಿಸಿದ್ದ ಕೃತಿಚೌರ್ಯ ಪರೀಕ್ಷೆಯ ಪ್ರಮಾಣಪತ್ರದಲ್ಲಿ ಹೋಲಿಕೆ ಶೇ. 0 ಎಂದಿತ್ತು.

ಈ ಸೊನ್ನೆ ಹುಟ್ಟಿದ್ದು ಹೀಗೆ. ಕನ್ನಡ ಬೆರಳಚ್ಚಿನ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ‘ಅಮ್ಮ’ ನಮ್ಮ ಕಣ್ಣಿಗೆ ಅಮ್ಮ. ಕಂಪ್ಯೂಟರಿನ ಒಳಗೆ ಅದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಅಕ್ಷರ ಗುರುತು ಸಿಗುವ ಯುನಿಕೋಡಿಗೆ ಬದಲಾಯಿಸದೆ ಆ ಕಡತವನ್ನು ತಂತ್ರಾಂಶಕ್ಕೆ ಕೊಟ್ಟರೆ ಅದಕ್ಕೆ ಕನ್ನಡವೇ ಕಾಣುವುದಿಲ್ಲ, ಇನ್ನು ಕದ್ದದ್ದು ಕಾಣುವುದೆಲ್ಲಿಂದ? ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗದ) 2018ರ ನಿಯಮ ಬಹಳ ಬಿಗಿ. ಶೇ. 10ರವರೆಗೆ ಮಾಫಿ, 60 ದಾಟಿದರೆ ನೋಂದಣಿಯೇ ರದ್ದು. ಕನ್ನಡದ ಮಟ್ಟಿಗೆ ಆ ಬಿಗಿಯೆಲ್ಲ ಫಾಂಟಿನ ಸಂದಿಯಲ್ಲಿ ಸೋರಿಹೋಗುತ್ತದೆ. ಇದು ಮಾರ್ಗದರ್ಶಕರಿಗೆ ಗೊತ್ತಿಲ್ಲದ ಗುಟ್ಟೂ ಅಲ್ಲ. (ಮಲಯಾಳಕ್ಕೂ ಹಳೆಯ ಫಾಂಟುಗಳ ಕಾಟ ಇತ್ತು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗಿನ ಹುಡುಗರು 2002ರಿಂದ ಸಂಬಳವಿಲ್ಲದೆ ಕೂತು ಯುನಿಕೋಡ್ ಫಾಂಟುಗಳನ್ನು ಮಾಡಿ ಹಂಚಿದರು. ಆ ಹೊಟ್ಟೆಕಿಚ್ಚು ನನಗಿದೆ.)

ಆ ಸಂಶೋಧಕನನ್ನು ಕರೆದು ಬೈಯಬೇಕೆಂದಿದ್ದೆ. ಬೈಯಲು ಬಾಯಿ ಬರಲಿಲ್ಲ. ಅವನು ಕದ್ದದ್ದು ನನ್ನಿಂದ, ನಾನು ತಂದದ್ದು ಎಲ್ಲಿಂದ? ನಿಯಮದ ಪ್ರಕಾರ ನಾನು ದೂರು ಕೊಡಬಹುದಾದ ಲೇಖಕ. ಅಜ್ಜಿ ಯಾರೂ ಅಲ್ಲ. ಪ್ಯಾರಾ ತೆಗೆಸಿದೆ, ಉಳಿದ ಅಧ್ಯಾಯಗಳನ್ನು ಯುನಿಕೋಡಿಗೆ ಹಾಕಿ ಮತ್ತೆ ಪರೀಕ್ಷೆ ಮಾಡಿಸೆಂದು ವರದಿ ಬರೆದೆ. ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಗಡಿಯ ಎರಡೂ ಕಡೆಯಲ್ಲಿ ನನಗೆ ‘ಕಿರಿಕಿರಿ ಮೇಷ್ಟ್ರು’ ಎಂಬ ಹೆಸರು ಬಂತು. ಅದೊಂದು ವಿಷಯದಲ್ಲಿ ಎರಡು ರಾಜ್ಯಗಳಿಗೂ ಒಮ್ಮತ.

ಕಳೆದ ವರ್ಷ ಬೇರೆ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಎಣ್ಮಕಜೆಯ ಮನೆಗಳಲ್ಲಿ ಅಧ್ಯಯನ ಮಾಡುವವಳಿದ್ದಳು. ಒಪ್ಪಿಗೆ ಪತ್ರವನ್ನು ಎಐಗೆ ಕೊಟ್ಟು ಕನ್ನಡ ಮಾಡಿಸಿ, ಒಮ್ಮೆ ನೋಡಿಕೊಡಿ ಮಾಷೇ ಎಂದಳು. ನೋಡಿದೆ. ‘ನಿಮ್ಮ ರಕ್ತವನ್ನು ಚಿತ್ರಿಸಲಾಗುವುದು’ ಎಂದಿತ್ತು. ಇಂಗ್ಲಿಷಿನ ‘ಡ್ರಾ’ ಮಾಡಿದ ಉಪಕಾರ. ಅಧ್ಯಯನದಿಂದ ಹಿಂದೆ ಸರಿಯಬಹುದು ಎಂಬಲ್ಲಿ ‘ನೀವು ಯಾವಾಗ ಬೇಕಾದರೂ ಹಣ ಹಿಂಪಡೆಯಬಹುದು’ ಎಂದಿತ್ತು. ಅವಳು ನಕ್ಕಳು, ನಾನೂ ನಕ್ಕೆ. ಹಾಗೇ ಅಚ್ಚಾಗಿ ಹೋಗಿದ್ದರೆ ಬಡವರ ಮನೆಯಲ್ಲಿ ಆ ಎರಡನೇ ವಾಕ್ಯ ಏನು ಮಾಡುತ್ತಿತ್ತೆಂದು ಆಮೇಲೆ ನೆನೆದು ಇಬ್ಬರೂ ಸುಮ್ಮನಾದೆವು. ಯಂತ್ರವನ್ನು ದೂರುವುದಿಲ್ಲ. ಜೀಪಿನವರ ಅವಸರಕ್ಕೆ ಮೂರನೇ ದಿನವೇ ಫಾರಂ ನುಂಗಿದ ದುಭಾಷಿಗಿಂತ ಅದು ಪೂರ್ತಿಯಾಗಿಯಾದರೂ ಅನುವಾದಿಸಿತ್ತು.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಒಪ್ಪಿಗೆ ಪತ್ರ ಅದಕ್ಕೆ ರುಜು ಹಾಕುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದು ಬಾರದವರಾದರೆ ಓದಿ ಹೇಳುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಎರಡು ಸಂಜೆ ಕೂತು ಕನ್ನಡ ಸರಿ ಮಾಡಿದೆವು. ತುಳುವಿನಲ್ಲಿ ಹೇಗೆ ಹೇಳುವುದೆಂದು ಅವಳ ಅಮ್ಮನಿಗೆ ಫೋನು ಹಚ್ಚಿ ಕೇಳಿದೆವು. ಸಾಕ್ಷಿಗೆಂದು ನಾನೂ ಜೊತೆಗೆ ಹೋದೆ.

ಹೋದ ಮೊದಲ ಮನೆ ಆ ಅಜ್ಜಿಯದೇ. ಅಜ್ಜಿ ಈಗಿಲ್ಲ. ಸೊಸೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು ಕೂತರು. ಹುಡುಗಿ ಮೊದಲಿನಿಂದ ಕೊನೆಯವರೆಗೆ ತುಳುವಿನಲ್ಲಿ ಓದಿ ಹೇಳಿದಳು. ಮುಕ್ಕಾಲು ಗಂಟೆ ಹಿಡಿಯಿತು. ಸೊಸೆ ನಡುವೆ ನಾಲ್ಕೈದು ಪ್ರಶ್ನೆ ಕೇಳಿದರು. ಫಲಿತಾಂಶ ಯಾರು ತಂದು ಹೇಳುವುದು, ಯಾವ ತಿಂಗಳು, ಫೋನ್ ನಂಬರು ಯಾರದ್ದು ಎಂದೆಲ್ಲ. ಕೊನೆಗೆ, “ಬೇಡ ಅಂದರೂ ಆಗ್ತದಾ?” ಎಂದರು.

ಆಗುತ್ತದೆ ಎಂದಳು ಹುಡುಗಿ.

“ಹಾಗಾದರೆ ನಮ್ಮದು ಬೇಡ. ಊಟ ಮಾಡಿ ಹೋಗಿ.”

ಊಟ ಮಾಡಿದೆವು. ಮಾವಿನಕಾಯಿ ಗೊಜ್ಜು ಇತ್ತು. ಖಾಲಿ ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಪೆರ್ಲಕ್ಕೆ ಹೋಗುವ ನಾಲ್ಕೂವರೆಯ ಬಸ್ಸಿಗೆ ಇಳಿದು ಬಂದೆವು.